ತೆಳ್ಳಗಿನವನು, ದಪ್ಪಗಿನವನು, ಸತ್ತುಹೋದ ಮಾವನ ಬಂಗ್ಲೆ. ಈ ಪಿಕ್ಚರ್ ಹೆಸರೇನು, ಕೊನೆಗೆ ದುಡ್ಡು ಯಾರಿಗೆ ಸಿಕ್ತು?

ತೆಂಗಿನಗರಿ

ನಮಸ್ಕಾರ ಎಲ್ರಿಗೂ. ಸುಮಾರು ವರ್ಷದಿಂದ ತಲೆ ಕೊರೀತಿರೋ ವಿಷ್ಯ, ಇಲ್ಲಿ ಹಳೇ ಪಿಕ್ಚರ್ ಹುಚ್ಚಿರೋರು ಜಾಸ್ತಿ ಅಂತ ಕೇಳ್ತಿದೀನಿ, ನಗಬೇಡಿ.

ನಾನಾಗ ಐದ್ನೇ ಕ್ಲಾಸೋ ಆರ್ನೇ ಕ್ಲಾಸೋ. ತಿಪಟೂರು ಹತ್ರ ನಮ್ಮೂರು. ತಾತ ತೀರ್ಕೊಂಡು ವರ್ಷ ತುಂಬಿತ್ತು, ತಿಥಿಗೆ ದೊಡ್ಡಪ್ಪನ ಮನೇಲಿ ಎಲ್ರೂ ಸೇರಿದ್ವಿ. ಸೇರಿದ್ವಿ ಅನ್ನೋದು ಹೆಸರಿಗೆ ಅಷ್ಟೆ, ಅಪ್ಪಂಗೂ ದೊಡ್ಡಪ್ಪಂಗೂ ಆಗ ಮಾತಿರ್ಲಿಲ್ಲ. ತೋಟ ಪಾಲಾಗಿತ್ತು, ಬಾವಿ ಯಾರ ಕಡೆ ಬರ್ಬೇಕು ಅನ್ನೋದು ಇತ್ಯರ್ಥ ಆಗಿರ್ಲಿಲ್ಲ, ಅದಕ್ಕೆ ಪಂಕ್ತೀಲಿ ಎದುರು ಬದುರು ಕೂತಿದ್ರೂ "ಅವ್ರಿಗೆ ಪಾಯ್ಸ ಬೇಕಾ ಕೇಳಮ್ಮ" ಅಂತ ನನ್ ಕೈಲಿ ಕೇಳಿಸ್ತಿದ್ರು ದೊಡ್ಡಪ್ಪ. ಅಪ್ಪ "ಬೇಡ ಅನ್ನು" ಅಂತ ನಂಗೇ ಹೇಳೋರು. ಇಬ್ರ ಮಧ್ಯ ಎರಡು ಮಾರು ದೂರ ಇರ್ಲಿಲ್ಲ.

ಸಾಯಂಕಾಲ ದೊಡ್ಡಪ್ಪನ ಮಗ ತಿಪಟೂರಿಂದ ವಿಸಿಪಿ ಬಾಡಿಗೆಗೆ ತಂದಿದ್ದ, ಜೊತೆಗೆ ಮೂರು ಕ್ಯಾಸೆಟ್. ಎರಡು ಕನ್ನಡ, ಮೂರನೇದು ಅಂಗಡಿಯವ್ನು ಬಿಟ್ಟಿಯಾಗಿ ಕೊಟ್ಟಿದ್ದು, ಮೇಲೆ ಚೀಟೀನೂ ಇರ್ಲಿಲ್ಲ. ಹಾಕಿದ್ರೆ ಇಂಗ್ಲಿಷು, ಕಪ್ಪು ಬಿಳುಪು. ಯಾರಿಗೂ ಮಾತು ಅರ್ಥ ಆಗ್ಲಿಲ್ಲ ಆದ್ರೂ ಮನೆ ತುಂಬಾ ನಗು. ನಂಗೆ ನೆನಪಿರೋದು ಇಷ್ಟು: ಇಬ್ರು, ಒಬ್ಬ ಸಣ್ಣ ಒಬ್ಬ ದಪ್ಪ, ತಲೆ ಮೇಲೆ ಗುಂಡು ಟೋಪಿ, ನೀರಿನ ದಡದಲ್ಲಿ ಮೀನು ಹಿಡೀತಾ ಕೂತಿರ್ತಾರೆ. ಪೇಪರಲ್ಲಿ ಏನೋ ನೋಡ್ತಾರೆ, ಆಮೇಲೆ ಜೋರು ಮಳೇಲಿ ಒಂದು ದೊಡ್ಡ ಬಂಗ್ಲೆಗೆ ಹೋಗ್ತಾರೆ, ಅಲ್ಲಿ ಒಂದಷ್ಟು ಜನ ಸೂಟು ಬೂಟಲ್ಲಿ ಸೇರಿರ್ತಾರೆ. ಯಾರೋ ಬಂದು ಫೋನ್ ಬಂದಿದೆ ಅಂತ ಒಬ್ಬೊಬ್ರನ್ನೇ ಕರೀತಾನೆ, ಹೋದವ್ರು ಕಿಟಾರ್ ಅಂತ ಕಿರುಚ್ತಾರೆ, ವಾಪಸ್ ಬರಲ್ಲ. ಮಂಚದ ಮೇಲೆ ಬಿಳೀ ಹಾಸಿಗೆ ಬಟ್ಟೆ ತಾನೇ ಎದ್ದು ಹಾರುತ್ತೆ, ಅಲ್ಲಿಗೆ ನಮ್ಮಮ್ಮ ನನ್ ಕಣ್ಣು ಮುಚ್ಚಿದ್ರು.

ಅಷ್ಟೊತ್ತಿಗೆ ಟೇಪು ವಿಸಿಪಿ ಒಳಗೆ ಸುತ್ತಾಕ್ಕೊಂಡ್ಬಿಡ್ತು. ಕ್ಯಾಸೆಟ್ ಎಳೆದ್ರೆ ಕಂದು ಬಣ್ಣದ ಟೇಪು ಶಾವಿಗೆ ಥರ ಆಚೆ ಬಂತು, ಅಣ್ಣ ಬೆರಳಲ್ಲಿ ತಿರುಗ್ಸಿ ತಿರುಗ್ಸಿ ಒಳಗೆ ಕಳ್ಸಿದ, ಆಮೇಲೆ ಬರೀ ಗೆರೆ. ದೊಡ್ಡಪ್ಪ ಮಾತ್ರ ಈ ಪಿಕ್ಚರ್ ನಂಗೊತ್ತು ಅಂತ ಕೊನೆ ಏನೋ ಹೇಳಿದ್ರು, ಅದು ನಂಗೆ ನೆನಪಿಲ್ಲ.

ಹೆಸರು ಯಾರಿಗಾದ್ರೂ ಗೊತ್ತಾ? ಕೊಲೆ ಮಾಡಿದ್ದು ಯಾರು? ಆಸ್ತಿ ಯಾರ ಪಾಲಾಯ್ತು? ಅಪ್ಪಂಗೀಗ ಎಪ್ಪತ್ತೆಂಟು, ಮೊನ್ನೆ ಅವ್ರಾಗೇ ಕೇಳಿದ್ರು, ಆ ಬಂಗ್ಲೆ ಪಿಕ್ಚರ್ ಇತ್ತಲ್ಲ ಅಂತ.

ಗಾಂಧಿಕ್ಲಾಸ್ ಗಿರಾಕಿ

ಇದು ಹಳೇ ಕಾಮಿಡಿ ನಟ ಹೆರಾಲ್ಡ್ ಲಾಯ್ಡ್‌ದು ಮೇಡಂ, ಕಣ್ಣು ಮುಚ್ಕೊಂಡು ಹೇಳ್ತೀನಿ. ಹೆಸರು 'ಹಾಂಟೆಡ್ ಸ್ಪೂಕ್ಸ್', 1920ರದ್ದು, ಮಾತಿಲ್ಲದ ಎರಡು ರೀಲಿನ ಪಿಕ್ಚರು. ಒಬ್ಳು ಹುಡುಗಿಗೆ ಬಂಗ್ಲೆ ಬರುತ್ತೆ, ಆದ್ರೆ ವಿಲ್ಲಲ್ಲಿ ಷರತ್ತು, ಗಂಡನ ಜೊತೆ ಒಂದು ವರ್ಷ ಅಲ್ಲೇ ಇರ್ಬೇಕು, ಬಿಟ್ಟು ಹೋದ್ರೆ ಆಸ್ತಿ ಅವ್ರ ಚಿಕ್ಕಪ್ಪಂಗೆ. ಅವ್ಳಿಗೆ ಮದ್ವೇನೇ ಆಗಿಲ್ಲ! ಲಾಯರ್ರು ರಸ್ತೇಲಿ ಒಬ್ಬ ಗಂಡನ್ನ ಹುಡ್ಕೊಂಡು ಬರ್ತಾನೆ, ಆ ಪುಣ್ಯಾತ್ಮ ಅದೇ ತಾನೇ ಪ್ರೀತೀಲಿ ಸೋತು ಸಾಯಕ್ಕೆ ಹೊರಟಿರ್ತಾನೆ, ಅದೂ ನೆಟ್ಟಗೆ ಆಗಿರಲ್ಲ. ಚಿಕ್ಕಪ್ಪ ದೆವ್ವದ ನಾಟಕ ಆಡಿ ಇವ್ರನ್ನ ಓಡಿಸಕ್ಕೆ ನೋಡ್ತಾನೆ.

ಇದರ ಹಿಂದಿನ ಕಥೆ ಇನ್ನೂ ದೊಡ್ಡದು. ಅರ್ಧ ಶೂಟಿಂಗ್ ಆಗಿದೆ, 1919ರ ಆಗಸ್ಟಲ್ಲಿ ಲಾಸ್ ಏಂಜಲೀಸಲ್ಲಿ ಪಬ್ಲಿಸಿಟಿ ಫೋಟೋ ತೆಗಿಸ್ಕೊಳ್ಳೋವಾಗ ಕೈಲಿ ಹಿಡ್ದಿದ್ದ ಬಾಂಬು, ಡಮ್ಮಿ ಅಂದ್ಕೊಂಡಿದ್ದಿದ್ದು, ನಿಜವಾಗ್ಲೂ ಸಿಡೀತು. ಬಲಗೈ ಹೆಬ್ಬೆಟ್ಟು, ತೋರುಬೆರಳು ಹೋಯ್ತು. ತಿಂಗಳುಗಟ್ಲೆ ಆದ್ಮೇಲೆ ವಾಪಸ್ ಬಂದು ಅದೇ ಪಿಕ್ಚರ್ ಮುಗಿಸಿದ, ಅಲ್ಲಿಂದಾಚೆ ಕೈಗೆ ವಿಶೇಷವಾಗಿ ಮಾಡ್ಸಿದ ಗ್ಲೌಸ್. ಗಡಿಯಾರ ಹಿಡ್ಕೊಂಡು ನೇತಾಡೋ ಸೀನು ಎಲ್ರಿಗೂ ಗೊತ್ತಲ್ಲ, ಅದು ಇದಾದ್ಮೇಲೆ, 1923ರಲ್ಲಿ. ಮೂರು ಬೆರಳಿನ ಕೈ ಅದು. ಹೀರೋಯಿನ್ ಮಿಲ್ಡ್ರೆಡ್ ಡೇವಿಸ್‌ನ ಅದೇ ವರ್ಷ ನಿಜವಾಗ್ಲೂ ಮದ್ವೆ ಆದ.

ಒಂದೇ ಒಂದು ಮಾತು, ಮಕ್ಕಳಿಗೆ ತೋರ್ಸೋದಾದ್ರೆ ಮೊದ್ಲು ನೀವೊಂದ್ಸಲ ನೋಡಿ. ಕರಿಯ ಆಳುಗಳನ್ನ ಹೆದ್ರುಪುಕ್ಕಲರು ಅಂತ ಆಡ್ಕೊಂಡು ನಗೋ ಸೀನುಗಳಿವೆ, ಈಗ ನೋಡಿದ್ರೆ ಕಸಿವಿಸಿ ಆಗುತ್ತೆ.

ತೆಂಗಿನಗರಿ

ಇಲ್ಲ ಸರ್, ಇದಲ್ಲ ಅನ್ಸುತ್ತೆ. ನಾವು ನೋಡಿದ್ರಲ್ಲಿ ಮಾತಿತ್ತು, ಗುಡುಗಿನ ಸದ್ದೂ ಇತ್ತು, ಹೊರಗೆ ನಮ್ಮೂರಲ್ಲೂ ಮಳೆ ಬರ್ತಿದ್ಯೇನೋ ಅಂತ ದೊಡ್ಡಮ್ಮ ಹೋಗಿ ಒಣಗಾಕಿದ್ದ ಕೊಬ್ರಿ ನೋಡ್ಕೊಂಡು ಬಂದಿದ್ರು. ಮತ್ತೆ ಇಬ್ರು ಗಂಡಸ್ರು, ಅದಂತೂ ಗ್ಯಾರಂಟಿ. ಆದ್ರೂ ಬೆರಳಿನ ವಿಷ್ಯ ಕೇಳಿ ಮೈ ಜುಂ ಅಂತು.

ರೀಲುಹುಚ್ಚ

ಗಿರಾಕಿ ಅವ್ರೇ, ಗುಂಡು ಟೋಪಿ, ಸಣ್ಣ ದಪ್ಪ ಅಂದ್ಮೇಲೂ ಹೆರಾಲ್ಡ್ ಲಾಯ್ಡ್ ಅಂತೀರಲ್ಲ, ಕಣ್ಣು ನಿಜವಾಗ್ಲೂ ಮುಚ್ಕೊಂಡಿದ್ರಿ.

ಇದು ಲಾರೆಲ್ ಹಾರ್ಡಿ. 'ದಿ ಲಾರೆಲ್ ಹಾರ್ಡಿ ಮರ್ಡರ್ ಕೇಸ್'. 1930ರ ಸೆಪ್ಟೆಂಬರಲ್ಲಿ ರಿಲೀಸು, ಹಾಲ್ ರೋಚ್ ಸ್ಟುಡಿಯೋ ಮಾಡಿದ್ದು, ಎಂಜಿಎಂ ಹಂಚಿದ್ದು, ಡೈರೆಕ್ಟರ್ ಜೇಮ್ಸ್ ಪ್ಯಾರಟ್. ಇವ್ರ ಸಣ್ಣ ಪಿಕ್ಚರ್‌ಗಳು ಸಾಮಾನ್ಯವಾಗಿ ಎರಡು ರೀಲು, ಅಂದ್ರೆ ಇಪ್ಪತ್ತು ನಿಮಿಷ, ಇದು ಮೂರು ರೀಲು, ಹೆಚ್ಚುಕಮ್ಮಿ ಅರ್ಧ ಗಂಟೆ. ಇದೇ ಪ್ಯಾರಟ್ 1932ರಲ್ಲಿ ಪಿಯಾನೋನ ಮೆಟ್ಲ ಮೇಲೆ ಹತ್ತಿಸೋ 'ಮ್ಯೂಸಿಕ್ ಬಾಕ್ಸ್' ಮಾಡಿದ್ದು, ಅದಕ್ಕೆ ಆಸ್ಕರ್ ಬಂತು. ಅದು ಎಲ್ರಿಗೂ ಗೊತ್ತು. ಈ ಮರ್ಡರ್ ಕೇಸ್‌ನ ಲಾರೆಲ್ ಹಾರ್ಡಿ ಭಕ್ತರೇ ಅಷ್ಟಾಗಿ ಮೂಸಿ ನೋಡಲ್ಲ. ನಂಗೆ ಮಾತ್ರ ಮೊದಲ ಐದು ನಿಮಿಷಕ್ಕೆ ಇದು ಇಷ್ಟ.

ಆ ಐದು ನಿಮಿಷ ಹೇಳ್ತೀನಿ ಕೇಳಿ. ಶುರುವಲ್ಲೇ ಒಂದು ಕಾರ್ಡ್ ಬರುತ್ತೆ, ಇವ್ರಿಬ್ರಿಗೂ ವಿಶ್ರಾಂತಿ ಬೇಕಾಗಿದೆ, 1921ರಿಂದ ಕೆಲ್ಸ ಇಲ್ಲ ಅಂತ. ಅಂದ್ರೆ ಒಂಬತ್ತು ವರ್ಷ ಸುಮ್ನೆ ಕೂತು ಸುಸ್ತಾಗಿದ್ದಾರೆ. 1929ರ ಅಕ್ಟೋಬರಲ್ಲಿ ಅಮೆರಿಕದ ಷೇರುಪೇಟೆ ಬಿದ್ದು ಜನ ಕೆಲ್ಸ ಕಳ್ಕೋತಿದ್ದ ಕಾಲ, ಥಿಯೇಟರಲ್ಲಿ ಕೂತಿದ್ದವ್ರಿಗೆ ಈ ಜೋಕು ಎಲ್ಲಿ ತಟ್ಟಿರ್ಬೇಡ ಯೋಚ್ನೆ ಮಾಡಿ. ದಡದಲ್ಲಿ ಸ್ಟ್ಯಾನ್, ಅಂದ್ರೆ ಸಣ್ಣಗಿರೋ ಲಾರೆಲ್, ಮೀನು ಹಿಡೀತಿರ್ತಾನೆ, ಆಲಿ, ಅಂದ್ರೆ ದಪ್ಪಗಿರೋ ಹಾರ್ಡಿ, ತೂಕಡಿಸ್ತಿರ್ತಾನೆ. ಪೇಪರಲ್ಲಿ ಸುದ್ದಿ, ಎಬೆನೀಜರ್ ಲಾರೆಲ್ ಅನ್ನೋ ಶ್ರೀಮಂತ ಸತ್ತಿದ್ದಾನೆ, ಮೂವತ್ತು ಲಕ್ಷ ಡಾಲರ್ ಆಸ್ತಿ, ವಾರಸುದಾರರು ಬನ್ನಿ. ಆಲಿಗೆ ಲಾರೆಲ್ ಅನ್ನೋ ಹೆಸರು ಕಣ್ಣಿಗೆ ಬಿತ್ತು ಅಷ್ಟೇ, ಗೆಳೆಯನ್ನ ಕೂರ್ಸ್ಕೊಂಡು ವಂಶಾವಳಿ ತೆಗಿಯಕ್ಕೆ ಶುರು ಮಾಡ್ತಾನೆ. ಎಲ್ಲಿ ಹುಟ್ಟಿದ್ದು ಅಂದ್ರೆ ಸ್ಟ್ಯಾನ್‌ಗೆ ಗೊತ್ತಿಲ್ಲ, ಅದೂ ಗೊತ್ತಿಲ್ವಾ ಅಂದ್ರೆ ಆಗ ನಾನು ತುಂಬಾ ಚಿಕ್ಕೋನು, ಹೆಂಗೆ ನೆನಪಿರುತ್ತೆ ಅಂತಾನೆ. ನಿಂಗೊಬ್ಬ ಮಾವ ಇದ್ನಲ್ಲ ಅಂತ ಕೇಳ್ತಾನೆ ಆಲಿ. ಇದ್ದ. ಈಗ ಬದುಕಿದ್ದಾನಾ? ಇಲ್ಲ, ಕೆಳಗೆ ಹಲಗೆ ತೆರ್ಕೊಂಡು ಬಿದ್ದು ಕತ್ತು ಮುರ್ಕೊಂಡ. ಮನೆ ಕಟ್ಸ್ತಿದ್ನಾ? ಇಲ್ಲ, ಅವನನ್ನ ಗಲ್ಲಿಗೆ ಹಾಕ್ತಿದ್ರು.

ಇದನ್ನ ಸ್ಟ್ಯಾನ್ ಹೇಳೋ ರೀತಿ ನೋಡ್ಬೇಕು, ಮುಖದಲ್ಲಿ ಒಂದು ಗೆರೆ ಅಲ್ಲಾಡಲ್ಲ, ಹವಾಮಾನ ವರದಿ ಓದ್ದಂಗೆ. ಆಲಿ ಒಂದು ಕ್ಷಣ ಸುಮ್ನಾಗಿ ನಮ್ಮ ಕಡೆ ನೋಡ್ತಾನೆ, ಕ್ಯಾಮೆರಾ ಕಡೆ, ನೋಡಿ ನನ್ ಹಣೆಬರಹ ಅನ್ನೋ ಥರ.

ಆಮೇಲೆ ಬಂಗ್ಲೆ. ಅಲ್ಲಿ ಪತ್ತೇದಾರ ಫ್ರೆಡ್ ಕೆಲ್ಸಿ ಬಾಗ್ಲಲ್ಲಿ ತಡ್ದು ಹೇಳ್ತಾನೆ, ಮುದುಕ ಸಹಜವಾಗಿ ಸತ್ತಿಲ್ಲ, ಕೊಲೆ, ನೆಂಟರೆಲ್ಲಾ ಅನುಮಾನದ ಪಟ್ಟೀಲಿದ್ದೀರ, ಯಾರೂ ಹೊರಗೆ ಹೋಗಂಗಿಲ್ಲ. ಆಸ್ತಿಗೆ ನೆಂಟ ಅಂತ ಹೇಳ್ಕೊಂಡು ಬಂದವ್ರು ಕೊಲೆ ಅಂದ ತಕ್ಷಣ ನೆಂಟರೇ ಅಲ್ಲ ಅನ್ನಕ್ಕೆ ರೆಡಿ! ನಮ್ಮ ಜೋಡಿಗೆ ಮಲಗಕ್ಕೆ ಕೊಡೋದು ಕೊಲೆ ಆದ ರೂಮೇ. ಹಾಸಿಗೆ ಬಟ್ಟೆ ಹಾರಿದ್ದು ಅಂದ್ರಲ್ಲ, ಅದು ದೆವ್ವ ಅಲ್ಲ, ಒಳಗೆ ಸೇರ್ಕೊಂಡಿದ್ದ ಬಾವಲಿ. ನಿಮ್ಮಮ್ಮಂಗೆ ಹೇಳಿ.

ನಿಜ ಹೇಳ್ಬೇಕಂದ್ರೆ ಬಂಗ್ಲೆ ಭಾಗ ಸ್ವಲ್ಪ ಎಳೆದಂಗಿದೆ. ನೆಂಟರಿಗೆ ಒಬ್ರಿಗೂ ಸ್ವಂತ ಗುಣ ಅಂತಿಲ್ಲ, ಕಿರುಚಕ್ಕೆ ಬಂದಿರೋರು. ಆ ಕಾಲಕ್ಕೆ ಬಂಗ್ಲೆ, ವಿಲ್ಲು, ಮಧ್ಯರಾತ್ರಿ ಅನ್ನೋ ಸರಕು ಜೋರಾಗಿ ಓಡ್ತಿತ್ತು, 1922ರ ನಾಟಕ 'ದಿ ಕ್ಯಾಟ್ ಅಂಡ್ ದಿ ಕೆನರಿ', 1927ರಲ್ಲಿ ಅದೇ ಪಿಕ್ಚರೂ ಆಯ್ತು. ಅದನ್ನೇ ಇಲ್ಲಿ ಆಡ್ಕೊಂಡಿರೋದು.

ಇನ್ನೊಂದು ಮಜಾ. ಆಗಿನ್ನೂ ಡಬ್ಬಿಂಗ್ ಕುದುರಿರ್ಲಿಲ್ಲ, ಅದಕ್ಕೆ ಹೊರದೇಶಕ್ಕೆ ಅಂತ ಇದೇ ಪಿಕ್ಚರ್ನ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಭಾಷೇಲಿ ಇವ್ರಿಬ್ರೇ ಮತ್ತೆ ಮತ್ತೆ ನಟಿಸಿದ್ರು. ಭಾಷೆ ಒಂದಕ್ಷರ ಬರ್ತಿರ್ಲಿಲ್ಲ, ಬೋರ್ಡ್ ಮೇಲೆ ಉಚ್ಚಾರಣೆ ಬರೆದಿಟ್ಕೊಂಡು ಓದಿ ಹೇಳೋರು. ನಾವು ಅರ್ಥ ಆಗ್ದೆ ಸ್ಕೂಲಲ್ಲಿ ಇಂಗ್ಲಿಷ್ ಪದ್ಯ ಬಾಯಿಪಾಠ ಒಪ್ಪಿಸ್ತಿದ್ವಲ್ಲ, ಹಂಗೆ. ಉದ್ದ ಸಾಲ್ದು ಅಂತ ಅವ್ರದ್ದೇ 1929ರ ರೈಲು ಪಿಕ್ಚರ್ 'ಬರ್ತ್ ಮಾರ್ಕ್ಸ್' ಕಥೇನ ಮಧ್ಯ ತುರುಕಿದ್ರು, ಬಂಗ್ಲೆಗೆ ರೈಲಲ್ಲಿ ಹೋಗೋ ಹಾಗೆ.

ಈಗ ಕೊನೆ. ಪೂರ್ತಿ ನೋಡ್ಬೇಕು ಅನ್ನೋರು ಈ ಪ್ಯಾರಾ ಬಿಟ್ಬಿಡಿ. ಫೋನ್ ಅಂತ ಕರೆಸಿ ಕೊಲ್ತಿದ್ದೋನು ಹೆಂಗಸಿನ ವೇಷದಲ್ಲಿದ್ದ ಗಂಡಸು. ಆಲಿಗೂ ಅವನಿಗೂ ಚಾಕು ಹಿಡ್ಕೊಂಡು ಹೊಡೆದಾಟ ಆಗ್ತಿರುತ್ತೆ, ಕಣ್ಣು ಬಿಟ್ರೆ ಅದೇ ದಡ, ಇವ್ರಿಬ್ರೇ ನಿದ್ದೇಲಿ ಒಬ್ರನ್ನೊಬ್ರು ಹಿಡ್ಕೊಂಡು ಗುದ್ದಾಡ್ತಿರ್ತಾರೆ, ದಬಾರ್ ಅಂತ ನೀರಿಗೆ ಬೀಳ್ತಾರೆ. ಎಲ್ಲಾ ಕನಸು. ಆಸ್ತಿ ಯಾರಿಗೂ ಇಲ್ಲ.

ಕುಡ್ಲದ ಕಡ್ಲೆ

ಅಯ್ಯೋ ಕನಸಾ? ಇದೆಂತ ಮೋಸ ಮಾರಾಯ್ರೆ. ಅರ್ಧ ಗಂಟೆ ಕೂರಿಸಿ, ನಾಲ್ಕು ಜನರನ್ನು ಕೊಂದು, ಕೊನೆಗೆ ಎಂತದ್ದೂ ಆಗ್ಲಿಲ್ಲ ಎದ್ದು ಮನೆಗೆ ಹೋಗಿ ಅಂದ್ರೆ. ನಾನು ಇದನ್ನು ಮೊಬೈಲಲ್ಲಿ ನೋಡಿದ್ದುಂಟು, ನೋಡಿ ಸಿಟ್ಟು ಬಂದದ್ದು ನೆನಪುಂಟು. ಬರೆಯುವವನಿಗೆ ಗಂಟು ಬಿಡಿಸ್ಲಿಕ್ಕೆ ಗೊತ್ತಾಗದಿದ್ರೆ ಕನಸು ಅಂತ ಹೇಳುವುದು, ಅದು ಈಗಿನ ಸೀರಿಯಲ್ಲಿನವರೂ ಮಾಡ್ತಾರೆ.

ಆದ್ರೆ ಒಂದು ಹೇಳ್ಬೇಕು. ಪೇಪರಿನಲ್ಲಿ ಬರುವ ಆ ಸುದ್ದಿ ಉಂಟಲ್ಲ, ನಿಮ್ಮದೇ ಮನೆತನದ ಹೆಸರಿನವರೊಬ್ಬರು ಸತ್ತಿದ್ದಾರೆ, ಇಷ್ಟು ಲಕ್ಷ ಡಾಲರ್, ವಾರಸುದಾರರಿಲ್ಲ. ಇದೇ ಈಮೇಲ್ ಈಗ ನಮಗೆ ವಾರಕ್ಕೊಂದು ಬರ್ತದಲ್ಲ! ನಮ್ಮ ಭಾವನಿಗೆ ಹೀಗೇ ಬಂದದ್ದು, ವಿದೇಶದಲ್ಲಿ ಅವರದ್ದೇ ಸರ್‌ನೇಮಿನವರು ತೀರಿಕೊಂಡದ್ದಂತೆ. ಭಾವ ಎರಡು ದಿನ ಅಜ್ಜಿಯ ಹತ್ರ ಕೂತು ಯಾರು ಹಡಗು ಹತ್ತಿದ್ದು, ಯಾರು ವಾಪಸು ಬರ್ಲಿಲ್ಲ ಅಂತ ಕೇಳಿದ್ದೇ ಕೇಳಿದ್ದು. ಅಜ್ಜಿ ಕೊನೆಗೆ ಹೇಳಿದ್ರು, ಹೋದವರು ಯಾರೂ ಬಸ್ಸಿನ ಟಿಕೆಟಿಗೆ ಸಹ ದುಡ್ಡು ಕಳಿಸಿದವರಲ್ಲ, ನೀನು ಊಟಕ್ಕೆ ಬಾ ಅಂತ. ಫೈಲ್ ಚಾರ್ಜ್ ಅಂತ ಕಟ್ಲಿಕ್ಕೆ ಹೊರಟಿದ್ದವ ಅಷ್ಟಕ್ಕೇ ಉಳಿದದ್ದು.

ಧಾರವಾಡದಾಕಿ

ಕಡ್ಲೆ ಅವ್ರ, ನಾ ಒಪ್ಪಂಗಿಲ್ಲ ನೋಡ್ರಿ. ಕನಸು ಅಂದ್ರ ಮೋಸ ಅಂತ ಯಾಕ ಅಂತೀರಿ? ಕನಸು ಯಾರದು ಅನ್ನೂದು ನೋಡ್ರಿ ಮೊದ್ಲ. ಒಂಬತ್ತು ವರ್ಷ ಕೆಲ್ಸಾ ಇಲ್ದ ಹೊಟ್ಟಿಗೆ ಮೀನಾ ಹಿಡ್ಯಾಕ ಕುಂತಾವ್ರು. ಅಂಥವ್ರಿಗೆ ಬಿದ್ದ ಕನಸಿನ್ಯಾಗ ಸೈತ ರೊಕ್ಕ ಕೈಗೆ ಹತ್ತಂಗಿಲ್ಲ! ಕನಸಿನ್ಯಾಗರೆ ಸಿಗಬೇಕಿತ್ತಲ್ರೀ. ಅಲ್ಲೂ ಪೊಲೀಸ, ಅಲ್ಲೂ ನೆಂಟರು, ಅಲ್ಲೂ ಚಾಕು. ನನಗ ಅಲ್ಲೇ ನಗಿ ಬಂದಿದ್ದು. ಆಮ್ಯಾಲೆ ಎಚ್ಚರಾಗಿ ನೋಡಿದ್ರ ಬಡಿದಾಡಾಕತ್ತಿದ್ದು ಯಾರ ಜೋಡಿ? ಜಗತ್ತಿನ್ಯಾಗ ಇರೂ ಒಬ್ಬ ದೋಸ್ತನ ಜೋಡಿ. ಇಲ್ಲದ ಆಸ್ತಿ ಸಲುವಾಗಿ.

ನಮ್ಮ ಮನಿಯಾಗ ನಮ್ಮಪ್ಪ ಮತ್ತ ಕಾಕಾ ಎರಡು ಗುಂಟೆ ಹಿತ್ತಲದ ಸಲುವಾಗಿ ಹನ್ನೊಂದು ವರ್ಷ ಕೋರ್ಟಿಗೆ ಅಡ್ಡಾಡ್ಯಾರ. ಒಂದ ಬಸ್ಸಿಗೆ ಹೋಗ್ತಿದ್ರು, ಯಾಕಂದ್ರ ಊರಿಗೆ ಮುಂಜಾನಿ ಇರೂದ ಒಂದ ಬಸ್ಸು. ಹೋಗೂ ಮುಂದ ಒಬ್ರು ಮುಂದಿನ ಸೀಟ, ಒಬ್ರು ಹಿಂದಿನ ಸೀಟ. ತಾರೀಖು ಮುಂದ ಹೋತು ಅಂದ್ರ ಇಬ್ರೂ ಒಂದ ಅಂಗಡ್ಯಾಗ ಗಿರ್ಮಿಟ್ಟು ತಿಂದು ಬರ್ತಿದ್ರಂತ, ಕಾಕಾನ ಬಾಯಿಂದನ ಗೊತ್ತಾಗಿದ್ದು. ನಡುವ ಟೇಬಲ್ಲಿನ ಮ್ಯಾಲೆ ಕೇಸಿನ ಫೈಲು ಇಟ್ಟು.

ಇನ್ನೊಂದು ಮಾತ ಹೇಳ್ತೇನಿ, ಇದು ಓದಿದ ಮ್ಯಾಲೆ ನನಗ ಆ ಪಿಕ್ಚರ್ ಬ್ಯಾರೆನ ಕಾಣಾಕತ್ತು. ಅದ 1930ರ ಮೇ ತಿಂಗಳದಾಗ ಸ್ಟ್ಯಾನ್ ಲಾರೆಲ್ಲನ ಹೆಂಡತಿ ದಿನಾ ತುಂಬೂಕಿಂತ ಮೊದ್ಲ ಹಡದಿದ್ರು, ಗಂಡಸಮಗಾ, ಒಂಬತ್ತ ದಿನಕ್ಕ ತೀರಿಕೊಂತು. ಪಿಕ್ಚರ್ ತೆರಿಗೆ ಬಂದಿದ್ದು ನಾಕು ತಿಂಗಳಾದ ಮ್ಯಾಲೆ. ಆ ದಡದಾಗ ಕುಂತು ನಾ ಎಲ್ಲೆ ಹುಟ್ಟೇನಿ ನನಗ ಗೊತ್ತಿಲ್ಲ ಅಂತಾನಲ್ಲ, ಆ ಮಾರಿ ಒಮ್ಮೆ ನೋಡ್ರಿ.

ಪಹಣಿ ಪಂಡಿತ

ಪಿಕ್ಚರ್ ನೋಡಿಲ್ಲ, ಆದ್ರೆ ಆಸ್ತಿ ಅಂದ ತಕ್ಷಣ ನನ್ ಕೈ ಕಡಿಯುತ್ತೆ, ಕ್ಷಮ್ಸಿ. ಮೂವತ್ತು ವರ್ಷ ಇದೇ ಕಾಗದ ಪತ್ರದ ಮಧ್ಯ ಕಳ್ದಿದೀನಿ. ಈ ಎಬೆನೀಜರ್ರಾಯರು ಅಮೆರಿಕ ಬಿಟ್ಟು ಇಲ್ಲಿ, ಹಿಂದೂ ಕುಟುಂಬದಲ್ಲಿ, ವಿಲ್ ಬರೀದೆ ತೀರ್ಕೊಂಡಿದ್ರೆ ಏನಾಗ್ತಿತ್ತು ಅಂತ ಸುಮ್ನೆ ತಮಾಷೆಗೆ ನೋಡೋಣ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಮೊದ್ಲು ಒಂದನೇ ವರ್ಗದ ವಾರಸುದಾರರು: ಹೆಂಡ್ತಿ, ಮಕ್ಕಳು, ತಾಯಿ, ತೀರಿಹೋದ ಮಕ್ಕಳ ಮಕ್ಕಳು, ಹೀಗೆ. ಅವ್ರಲ್ಲಿ ಒಬ್ರಿದ್ರೂ ಸಾಕು, ಅಣ್ಣನ ಮಗ ತಂಗಿ ಮಗ ಅಂತ ಮಳೇಲಿ ನೆಂದು ಬಂದವ್ರು ಟವಲ್ ತಗೊಂಡು ತಲೆ ಒರೆಸ್ಕೊಂಡು ವಾಪಸ್ ಹೋಗೋದೇ. ಅವ್ರ ಸರದಿ ಬರೋದು ಎರಡನೇ ವರ್ಗದಲ್ಲಿ, ಅದ್ರಲ್ಲೂ ನಾಲ್ಕನೇ ಸಾಲಿಗೆ. ಮೊದ್ಲು ತಂದೆ, ಆಮೇಲೆ ಒಡಹುಟ್ಟಿದವ್ರು, ಹೀಗೆ ಮೇಲಿನ ಸಾಲು ಖಾಲಿ ಇದ್ರೆ ಮಾತ್ರ. ಯಾರೂ ಇಲ್ಲ ಅಂದ್ರೆ 29ನೇ ಕಲಂ, ಆಸ್ತಿ ಸರ್ಕಾರಕ್ಕೆ.

ಕೊಲೆ ಮಾಡಿ ಆಸ್ತಿ ಹೊಡೀಬೇಕು ಅಂತಿದ್ನಲ್ಲ ಆ ವೇಷಗಾರ, ಅವನಿಗೆ 25ನೇ ಕಲಂ ಇದೆ. ಸತ್ತವನ ಕೊಲೆ ಮಾಡಿದೋನು, ಕೊಲೆಗೆ ಕೈ ಜೋಡಿಸಿದೋನು ಆ ಆಸ್ತಿಗೆ ವಾರಸುದಾರ ಆಗೋ ಹಾಗಿಲ್ಲ. ಅಷ್ಟೇ ಅಲ್ಲ, ಈ ಪಿಕ್ಚರಲ್ಲಿ ಮಾಡ್ದಂಗೆ ಮಧ್ಯದಲ್ಲಿರೋ ವಾರಸುದಾರರನ್ನ ಒಬ್ಬೊಬ್ರನ್ನೇ ಮುಗಿಸಿ ದಾರಿ ಸರಿಮಾಡ್ಕೊಂಡ್ರೂ ಇದೇ ಕಲಂ ಅಡ್ಡ ಬರುತ್ತೆ. ಬರೆದವ್ರು ಎಲ್ಲಾ ಯೋಚ್ನೆ ಮಾಡಿದ್ದಾರೆ.

ಪೇಪರಲ್ಲಿ ನೋಟಿಸ್ ಬರೋದು ಮಾತ್ರ ನಿಜ. ಬ್ಯಾಂಕಿನ ಠೇವಣಿ, ಷೇರು ಇಂಥದಕ್ಕೆ ಸಕ್ಸೆಷನ್ ಸರ್ಟಿಫಿಕೇಟ್ ಬೇಕು ಅಂತ ಕೋರ್ಟಿಗೆ ಹೋದ್ರೆ ತಕರಾರಿದ್ರೆ ಹೇಳಿ ಅಂತ ಪತ್ರಿಕೇಲಿ ಹಾಕ್ಸೋದುಂಟು. ಜಮೀನಿಗೆ ಆ ಸರ್ಟಿಫಿಕೇಟ್ ಅಲ್ಲ, ವಂಶವೃಕ್ಷ ಮಾಡ್ಸಿ, ಪೌತಿ ಖಾತೆಗೆ, ಅಂದ್ರೆ ಸತ್ತವ್ರ ಖಾತೆ ವಾರಸುದಾರರ ಹೆಸರಿಗೆ ಮಾಡ್ಕೊಡಿ ಅಂತ, ಅರ್ಜಿ ಹಾಕಿ, ಪಹಣೀಲಿ ಹೆಸರು ಕೂರಿಸ್ಬೇಕು. ವಂಶವೃಕ್ಷ ಬರೆಸೋ ದಿನ ನೋಡ್ಬೇಕು ನೀವು, ಇಪ್ಪತ್ತು ವರ್ಷದಿಂದ ಮುಖ ನೋಡ್ದೆ ಇರೋ ಅತ್ತೆ ಹೆಸರು ಬರೀಬೇಕಾ ಬೇಡ್ವಾ ಅಂತ ಮನೆಮಂದಿ ಒಬ್ರ ಮುಖ ಒಬ್ರು ನೋಡ್ಕೊಂಡು ಕೂತಿರ್ತಾರೆ. ಬರೀಲೇಬೇಕು. ಬರೀದೆ ಬಿಟ್ಟು ಆಮೇಲೆ ಒದ್ದಾಡಿದವ್ರನ್ನ ಸಾಕಷ್ಟು ನೋಡಿದೀನಿ.

ತೆಂಗಿನಗರಿ ಅವ್ರೇ, ನಿಮ್ಮ ಬಾವಿ ಏನಾಯ್ತು ಹೇಳ್ಲೇ ಇಲ್ಲ? ಪಾಲುಪತ್ರದಲ್ಲಿ ನೀರಿನ ಸರದಿ ಬರೆಸದೇ ಇದ್ರೆ ಮುಂದೆ ಮೊಮ್ಮಕ್ಕಳ ಕಾಲಕ್ಕೂ ತಕರಾರು.

ಗಾಂಧಿಕ್ಲಾಸ್ ಗಿರಾಕಿ

ಸೋತೆ ಸ್ವಾಮಿ, ಒಪ್ಕೊಂಡೆ. ತಪ್ಪಿಗೆ ದಂಡ ಅಂತ ಇನ್ನೆರಡು ಹೆಸರು ಕೊಡ್ತೀನಿ, ಇವೂ ಆಸ್ತಿ ಪಿಕ್ಚರೇ, ಇವೂ ಇದೇ ಜೋಡೀದು.

1928ರ 'ಅರ್ಲಿ ಟು ಬೆಡ್', ಮಾತಿಲ್ಲದ್ದು. ಆಲಿಗೆ ದಿಢೀರ್ ಅಂತ ಆಸ್ತಿ ಬರುತ್ತೆ, ಬಂದ ತಕ್ಷಣ ಜೊತೇಲಿ ಬೆಂಚ್ ಮೇಲೆ ಮಲಗ್ತಿದ್ದ ಗೆಳೆಯನ್ನೇ ಬಟ್ಲರ್ ಮಾಡ್ಕೋತಾನೆ. ಇಡೀ ಪಿಕ್ಚರಲ್ಲಿ ಇವ್ರಿಬ್ರೇ. ದುಡ್ಡು ಬಂದವ್ನು ರಾತ್ರಿ ಕುಡ್ದು ಬಂದು ಬಟ್ಲರ್ನ ಗೋಳು ಹುಯ್ಕೊಳ್ಳೋದು, ಇವ್ನು ತಡೆಯಕ್ಕಾಗ್ದೆ ಮನೆ ಸಾಮಾನೆಲ್ಲಾ ಒಡೆದು ಹಾಕೋದು. ಅಂಗಳದಲ್ಲಿ ಒಂದು ಕಾರಂಜಿ, ಸುತ್ತ ಆಲಿ ಮುಖದ್ದೇ ಗೊಂಬೆಗಳು ಬಾಯಿಂದ ನೀರು ಉಗುಳ್ತಿರ್ತವೆ, ಅದರ ಮಧ್ಯ ಆಲಿ ತಾನೂ ಗೊಂಬೆ ಥರ ಬಾಯಲ್ಲಿ ನೀರು ಬಿಡ್ತಾ ಬಚ್ಚಿಟ್ಕೋತಾನೆ. ಅದೊಂದು ಸೀನಿಗೇ ನೋಡ್ಬೋದು. ನಗೂ ಬರುತ್ತೆ, ಸ್ವಲ್ಪ ಹೊಟ್ಟೇನೂ ಉರಿಯುತ್ತೆ, ದುಡ್ಡು ಬಂದ ಗೆಳೆಯನ್ನ ನೋಡಿದವ್ರಿಗೆ ಗೊತ್ತು.

ಇನ್ನೊಂದು ಅವ್ರ ಕಟ್ಟಕಡೇ ಪಿಕ್ಚರ್ 'ಅಟಾಲ್ ಕೆ', 1951, ಫ್ರಾನ್ಸಲ್ಲಿ ತೆಗೆದಿದ್ದು. ಇದು ಸಣ್ಣದಲ್ಲ, ದೊಡ್ಡದೇ, ಅಷ್ಟೇನು ಚೆನ್ನಾಗೂ ಇಲ್ಲ, ಸ್ಟ್ಯಾನ್ ಕಾಯಿಲೆ ಬಿದ್ದು ಸೊರಗಿ ಹೋಗಿರೋದು ಮುಖದಲ್ಲೇ ಕಾಣುತ್ತೆ. ಆದ್ರೆ ಪಂಡಿತರಿಗೋಸ್ಕರ ಹೇಳ್ತಿದೀನಿ, ಶುರುವಲ್ಲಿ ಸ್ಟ್ಯಾನ್‌ಗೆ ಮಾವನ ಆಸ್ತಿ ಬರುತ್ತೆ, ಟ್ಯಾಕ್ಸು, ಲಾಯರ್ ಫೀಸು ಅಂತ ಕಣ್ಣೆದುರಿಗೇ ನೋಟೆಲ್ಲಾ ಕರಗಿ ಹೋಗುತ್ತೆ, ಕೊನೆಗೆ ಉಳಿಯೋದು ಒಂದು ಹಳೇ ದೋಣಿ ಮತ್ತೆ ಸಮುದ್ರದ ಮಧ್ಯ ಒಂದು ದ್ವೀಪ.

ಪಹಣಿ ಪಂಡಿತ

ದ್ವೀಪಕ್ಕೆ ಪೋಡಿ ಆಗಿತ್ತಾ?

ಕುಡ್ಲದ ಕಡ್ಲೆ

ಪಂಡಿತರೇ ನಿಮಗೊಂದು ನಮಸ್ಕಾರ ಉಂಟು. ಧಾರವಾಡದಾಕಿ ಅವರು ಹೇಳಿದ ಮೇಲೆ ನಿನ್ನೆ ರಾತ್ರಿ ಮತ್ತೊಮ್ಮೆ ನೋಡಿದೆ. ಸಿಟ್ಟು ಅರ್ಧ ಇಳಿದದ್ದು ಹೌದು. ಅರ್ಧ ಹಾಗೇ ಉಂಟು.

ತೆಂಗಿನಗರಿ

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ರೀಲುಹುಚ್ಚ ಅವ್ರೇ, ಅದೇ ಪಿಕ್ಚರ್, ನೂರಕ್ಕೆ ನೂರು. ಭಾನುವಾರ ಊರಿಗೆ ಹೋಗಿದ್ದೆ, ಅಪ್ಪನ ಮುಂದೆ ಲ್ಯಾಪ್‌ಟಾಪ್ ಇಟ್ಟು ಹಾಕ್ದೆ. ಈ ಸಲ ಮಾತೆಲ್ಲಾ ನಾನು ಕನ್ನಡದಲ್ಲಿ ಹೇಳ್ತಾ ಹೋದೆ. ಗಲ್ಲಿಗೆ ಹಾಕ್ತಿದ್ರು ಅಂತ ಹೇಳಿದ್ದೇ ತಡ ಅಪ್ಪ ನಗಕ್ಕೆ ಶುರು ಮಾಡಿ ಕೆಮ್ಮು ಬಂದು ನೀರು ಕುಡಿಸ್ಬೇಕಾಯ್ತು, ಮೂವತ್ತೈದು ವರ್ಷದ ಹಿಂದೆ ಎಲ್ರೂ ನಕ್ಕಾಗ ನಾನೂ ನಕ್ಕಿದ್ದೆ, ಯಾಕೆ ಅಂತ ಇವತ್ತು ಗೊತ್ತಾಯ್ತು ಅಂದ್ರು.

ಟೇಪು ನಿಂತಿದ್ದ ಜಾಗ ಬಂದಾಗ ಇಬ್ರೂ ಸುಮ್ನಾದ್ವಿ. ಆಮೇಲೆ ಆ ಸೀರೆ ವೇಷದವ್ನು, ಅಂದ್ರೆ ಸೀರೆ ಅಲ್ಲ ಗೌನು, ಹೊಡೆದಾಟ, ನೀರಿಗೆ ಬಿದ್ದಿದ್ದು. ಮುಗೀತು. ಅಪ್ಪ ಪರದೇನೇ ನೋಡ್ತಾ ಕೂತಿದ್ರು.

"ಅಷ್ಟೇನಾ?" ಅಂದ್ರು.

ಅಷ್ಟೇ ಅಪ್ಪ, ಕನಸು, ದುಡ್ಡು ಯಾರಿಗೂ ಸಿಗಲ್ಲ ಅಂದೆ.

"ಮತ್ತೆ ನಿಮ್ ದೊಡ್ಡಪ್ಪ ಅವತ್ತು ಎಲ್ರ ಮುಂದೆ ಹೇಳಿದ್ನಲ್ಲ, ಕೊನೇಲಿ ಕೋರ್ಟಲ್ಲಿ ತೀರ್ಮಾನ ಆಗುತ್ತೆ, ಪೂರ್ತಿ ಆಸ್ತಿ ಹಿರೀ ಮಗನಿಗೇ ಹೋಗುತ್ತೆ, ಬಾವಿ ಸಮೇತ ಅಂತ!"

ಬಾವಿ ಸಮೇತ. ಅಮೆರಿಕದ ಬಂಗ್ಲೇಲಿ ಬಾವಿ. ಅಪ್ಪ ಅದನ್ನ ಇಷ್ಟು ವರ್ಷ ನಂಬ್ಕೊಂಡಿದ್ರು, ಅದೇ ಸಿಟ್ಟಲ್ಲಿ ಅವತ್ತು ರಾತ್ರೀನೇ ನಮ್ಮನ್ನೆಲ್ಲಾ ಎಬ್ಬಿಸ್ಕೊಂಡು ಮನೆಗೆ ಹೊರಟಿದ್ದಂತೆ. ಎತ್ತಿನಗಾಡೀಲಿ ಬಂದಿದ್ದು ನೆನಪಿದೆ, ಯಾಕೆ ಅಂತ ಗೊತ್ತಿರ್ಲಿಲ್ಲ.

ಪಂಡಿತರೇ, ಬಾವಿ ಬತ್ತಿ ಹೋಯ್ತು. ನಮ್ಮ ಕಡೆ ಎಲ್ಲಾ ಬೋರ್‌ವೆಲ್ಲೇ ಈಗ, ಬಾವಿ ತುಂಬಾ ತೆಂಗಿನ ಮಟ್ಟೆ ಹಾಕಿದಾರೆ, ಯಾವ ಕಡೆಯವ್ರು ಹಾಕಿದ್ದು ಅನ್ನೋದು ಬೇರೆ ತಕರಾರು. ದೊಡ್ಡಪ್ಪ ಹೋಗಿ ಆರು ವರ್ಷ ಆಯ್ತು. ವಿಸಿಪಿ ತಂದಿದ್ದ ಅಣ್ಣ ಬೆಂಗಳೂರಲ್ಲಿದಾನೆ, ನಂಗೂ ಅವ್ನಿಗೂ ಹಬ್ಬಕ್ಕೆ ಒಂದು ಫಾರ್ವರ್ಡ್ ಮೆಸೇಜ್ ಬಿಟ್ರೆ ಮಾತಿಲ್ಲ. ಅಪ್ಪ ಅವತ್ತೇ ನನ್ ಫೋನ್ ಕಸ್ಕೊಂಡು ಅವ್ನಿಗೆ ಹಚ್ಚಿಸಿದ್ರು, ಹೇಗಿದೀಯ ಅನ್ನೋದೂ ಇಲ್ಲ ಏನೂ ಇಲ್ಲ, "ನಿಮ್ಮಪ್ಪ ಸುಳ್ಳು ಹೇಳಿದ್ದ ಕಣೋ, ಅದು ಕನಸಂತೆ" ಅಂತ ಒಂದೇ ಉಸಿರಿಗೆ. ಅವ್ನು ಪಾಪ ಗಾಬರಿಯಾಗಿ ನಂಗೆ ಮೆಸೇಜ್ ಮಾಡಿದ, ಚಿಕ್ಕಪ್ಪನ ಆರೋಗ್ಯ ಸರಿಯಾಗಿದ್ಯಾ ಅಂತ. ಈ ಪಿಕ್ಚರ್ ಲಿಂಕ್ ಕಳ್ಸಿದೀನಿ, ಇನ್ನೂ ನೋಡಿಲ್ಲ ಅನ್ಸುತ್ತೆ, ಬ್ಲೂ ಟಿಕ್ ಬಂದಿದೆ.

ಗಿರಾಕಿ ಅವ್ರೇ, ಆ ಕಾರಂಜಿ ಪಿಕ್ಚರ್ ಹೆಸರು ಬರ್ಕೊಂಡಿದೀನಿ. ಈಗ ಅಪ್ಪ ಮತ್ತೆ ಮೀನು ಹಿಡಿಯೋ ಸೀನಿಂದ ಹಾಕು ಅಂತ ಕೂಗ್ತಿದಾರೆ, ಹೋಗ್ಬೇಕು.